ಜಾಗ ಕಾಯುವ ತಂತಿ

ಜೂನ್ 10, ಸೋಮವಾರ

ಟೂತ್‌ಪೇಸ್ಟ್ ಕಂಪನಿಯವನು ಪುಕ್ಕಟೆ ಕೊಟ್ಟ ಡೈರಿ. ರಟ್ಟಿನ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸಾಲಾಗಿ ಹಲ್ಲು ಕಿಸಿದು ನಿಂತಿದ್ದಾರೆ. ಅಂಥ ನೆಟ್ಟಗಿನ ಹಲ್ಲು ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಮೇಜಿಗೆ ಒಂದು ಸಲವೂ ಬಂದಿಲ್ಲ. ಆರು ತಿಂಗಳಿಂದ ಇದರ ಮೇಲೆ ಚಹಾದ ಲೋಟ ಇಡುತ್ತಿದ್ದೆ. ಇವತ್ತು ಡಾಕ್ಟರಮ್ಮ ಕರೆದು, ನೀವು ಹಿಂದಿನ ಕೋಣೆಯಲ್ಲಿ ಗೊಣಗುವುದು ಮುಂದೆ ಕೂತ ತಾಯಂದಿರಿಗೆ ಕೇಳಿಸುತ್ತದೆ ಎಂದರು. ಕೇಳಿಸಲಿ ಎಂದೇ ನಾನು ಗೊಣಗುವುದು. ಆದರೂ ಸಂಬಳ ಕೊಡುವವರ ಮಾತು. ಇನ್ನು ಮೇಲೆ ಇದರಲ್ಲಿ ಗೊಣಗುತ್ತೇನೆ.

ಇವತ್ತು ಏಳು ಅಚ್ಚು ಬಂದವು. ಡಾಕ್ಟರಮ್ಮ ಮಕ್ಕಳ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುತ್ತೇನೆ. ಮಗುವಿನ ಮುಖ ನೋಡುವ ಅಗತ್ಯವೇ ನನಗಿಲ್ಲ. ಮೇಲಿನ ಮುಂಬಲ್ಲು ಸೂರಿನ ಹಾಗೆ ಹೊರಗೆ ಚಾಚಿದ್ದರೆ ಬೆರಳು ಚೀಪುವ ಮಗು. ಅಂಗುಳು ಕಿರಿದಾಗಿ ಮೇಲಕ್ಕೇರಿದ್ದರೆ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗು. ಹಲ್ಲು ಕಚ್ಚಿದರೂ ಮುಂದೆ ಕಿಂಡಿ ಉಳಿದರೆ, ನಾಲ್ಕು ವರ್ಷವಾದರೂ ಬಾಟಲಿ ಬಿಡಿಸದ ಮನೆ. ಎಷ್ಟೋ ದವಡೆ ವಂಶದಿಂದ ಬರುತ್ತದೆ, ಯಾರದೂ ತಪ್ಪಲ್ಲ ಎಂದು ಡಾಕ್ಟರಮ್ಮ ಎಲ್ಲರಿಗೂ ಸಮಾಧಾನ ಹೇಳುತ್ತಾರೆ. ಅವರು ದೊಡ್ಡ ಮನಸ್ಸಿನವರು. ನಾನು ಕಂಡ ಮಟ್ಟಿಗೆ ಪ್ರತಿ ಸೊಟ್ಟ ದವಡೆಯ ಹಿಂದೆ ಒಬ್ಬರು ‘ತಾನಾಗೇ ಸರಿಹೋಗುತ್ತೆ’ ಅಂದುಕೊಂಡು ಕೈ ಕಟ್ಟಿ ಕೂತಿರುತ್ತಾರೆ.

ತಂಗಿಯ ಫೋನ್ ಬಂತು. ಇಷ್ಟು ವರ್ಷದ ಮೇಲೆ ಮತ್ತೆ ಬಸುರಿ, ರಕ್ತದೊತ್ತಡ ಜಾಸ್ತಿಯಂತೆ, ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಬಾರದಂತೆ. ಮಗಳನ್ನು ನನ್ನ ಬಳಿ ಬಿಡುತ್ತಾರೆ. ಆಗಲಿ ಎಂದೆ, ಬೇರೆ ಏನು ಹೇಳಲಿ. ಚಿಕ್ಕಂದಿನಲ್ಲಿ ಚೋಟುದ್ದ ಇದ್ದಳು, ಅದಕ್ಕೇ ಚೋಟು ಎಂದು ಕರೆಯುತ್ತಿದ್ದೆ. ನೋಡಿ ನಾಲ್ಕು ವರ್ಷವಾಯಿತು. ಈಗ ಹತ್ತು ತುಂಬುತ್ತಾ ಬಂತು.

ಜೂನ್ 15, ಶನಿವಾರ

ತಂಗಿಯ ಗಂಡ ಮಗಳನ್ನು, ಎರಡು ಚೀಲಗಳನ್ನು ಬಾಗಿಲಲ್ಲಿ ಇಳಿಸಿ, ಕಾಫಿಗೂ ನಿಲ್ಲದೆ ಹೊರಟ. ನನ್ನೆದುರು ಕೂರಬೇಕಾಗುತ್ತದಲ್ಲ ಎಂಬ ಭಯ.

ಹುಡುಗಿ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಕೈ ತೆಗೆ ಎಂದೆ. ತೆಗೆದಳು. ಕಚ್ಚು ಎಂದೆ. ಕಚ್ಚಿದಳು. ಕೆಳದವಡೆ ಮುಚ್ಚುವಾಗ ನೆಟ್ಟಗೆ ಮೇಲೆ ಬಂದು, ಕೊನೆಗೆ ಎಡಕ್ಕೆ ಸರಕ್ಕನೆ ಜಾರುತ್ತದೆ. ಗಲ್ಲ ಪಕ್ಕಕ್ಕೆ ತಿರುಗುತ್ತದೆ. ಹಳೆಯ ಶಾಲೆಯಲ್ಲಿ ಸೊಟ್ಟಬಾಯಿ ಎನ್ನುತ್ತಿದ್ದರಂತೆ. ಹೆಸರಿಟ್ಟವರನ್ನು ಬಿಡಿ, ಹತ್ತು ವರ್ಷ ದಿನಾ ಎದುರಿಗೆ ಕೂತು ಉಣಿಸಿದ ಹೆತ್ತವರಿಗೆ ಕಣ್ಣಿರಲಿಲ್ಲವೇ?

ಆಗಲೇ ತಂಗಿಗೆ ಫೋನ್ ಮಾಡಿದೆ. ಮೂರು ವರ್ಷದ ತನಕ ಬಾಟಲಿ, ಐದು ವರ್ಷದ ತನಕ ಹೆಬ್ಬೆರಳು. ನಾನು ಆಗಲೇ ಹೇಳಿದ್ದೆ. ನಿನ್ನ ಕೈಯಾರೆ ಮಗಳ ಬಾಯಿ ಕೆಡಿಸಿದೆ ಎಂದೆ. ಆ ಕಡೆಯಿಂದ ಹೂಂ ಎಂದಳು. ತಿರುಗಿ ನೋಡಿದರೆ ಚೋಟು ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು.

ಜೂನ್ 17, ಸೋಮವಾರ

ಡಾಕ್ಟರಮ್ಮ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಮೇಲಿನ ಬಲಗಡೆಯ ದೊಡ್ಡ ದವಡೆಹಲ್ಲು ಇರಬೇಕಾದ ಕಡೆ ಇಲ್ಲ, ಮುಂದಕ್ಕೆ ಸರಿದು ವಾಲಿಕೊಂಡಿದೆ. ಅದರ ಮುಂದೆ ಹುಟ್ಟಬೇಕಾದ ಹಲ್ಲು ಜಾಗವಿಲ್ಲದೆ ಮೂಳೆಯೊಳಗೇ ಸಿಕ್ಕಿಬಿದ್ದಿದೆ. ವಾಲಿದ ಹಲ್ಲು ತಗುಲುವುದರಿಂದ ಹುಡುಗಿ ದವಡೆಯನ್ನು ಎಡಕ್ಕೆ ಜಾರಿಸಿ ಕಚ್ಚುತ್ತಾಳೆ. ಬೆಳೆಯುವ ವಯಸ್ಸಿನಲ್ಲಿ ಹೀಗೇ ಕಚ್ಚುತ್ತಾ ಹೋದರೆ ಮೂಳೆಯೂ ಓರೆಯಾಗಿ ಕೂತುಬಿಡುತ್ತದೆ, ಆಮೇಲೆ ದೊಡ್ಡ ಆಪರೇಷನ್ನೇ ಗತಿ ಎಂದರು.

ಒಂದೇ ದಾರಿ. ಅಂಗುಳಿಗೆ ಅಂಟಿ ಕೂರುವ, ಸ್ಕ್ರೂ ಇರುವ ಪ್ಲೇಟ್ ಮಾಡಿ ಹಾಕಿ ಆ ಹಲ್ಲನ್ನು ನಿಧಾನ ಹಿಂದಕ್ಕೆ ತಳ್ಳುವುದು. ಊಟದ ಹೊತ್ತು ಬಿಟ್ಟು ಸದಾ ಬಾಯಲ್ಲಿರಬೇಕು. ಒಂದೆರಡು ದಿನ ತೆಗೆದಿಟ್ಟರೂ ಹಲ್ಲು ಮತ್ತೆ ಮುಂದಕ್ಕೇ ಓಡುತ್ತದೆ. ಹುಡುಗಿ ಹಟ ಹಿಡಿದು ಹಾಕಿಕೊಂಡರೆ ದವಡೆ ಉಳಿಯಿತು, ಇಲ್ಲವಾದರೆ ಇಲ್ಲ.

ಈ ಜಾಗದ ಹಾಲುಹಲ್ಲು ಬೇಗ ಹೋಗಿತ್ತಾ ಎಂದು ಕೇಳಿದರು. ಆರು ವರ್ಷದವಳಿದ್ದಾಗ ಹುಳುಕಾಗಿತ್ತು, ಇದೇ ಕ್ಲಿನಿಕ್ಕಿನಲ್ಲಿ ಹಿಂದಿನ ಡಾಕ್ಟರು ತೆಗೆದರು, ಅವಳಮ್ಮನಿಗೆ ಬ್ರಷ್ ಮಾಡಿಸುವಷ್ಟು ಪುರುಸೊತ್ತಿದ್ದರೆ ತಾನೇ ಎಂದೆ. ಡಾಕ್ಟರಮ್ಮ ಹಳೆಯ ಕಾರ್ಡು ಹುಡುಕಿಸುತ್ತೇನೆ ಎಂದರು. ಹುಡುಕಿಸಲಿ. ನಮ್ಮ ಅಟ್ಟದಲ್ಲಿ ಕಾರ್ಡಿಗಿಂತ ಜಿರಳೆಯೇ ಹೆಚ್ಚು.

ಜೂನ್ 20, ಗುರುವಾರ

ಒಬ್ಬ ಅಪ್ಪ ಬಂದಿದ್ದ. ಎಂಟು ವರ್ಷದ ಮಗ ದಿನವಿಡೀ ಬಾಯಿ ತೆರೆದೇ ಇರುತ್ತಾನೆ, ಗೊರಕೆ ಬೇರೆ. ಮೂಗಿನ ಡಾಕ್ಟರಿಗೆ ತೋರಿಸಿ ಎಂದರೆ, ಇವನು ಮೊದಲಿಂದಲೂ ಸ್ವಲ್ಪ ಪೆದ್ದ, ಅದಕ್ಕೇ ಬಾಯಿ ಬಿಡ್ತಾನೆ ಎಂದನಂತೆ. ಮಗನಿಗೆ ಮೂಗು ಕಟ್ಟಿದೆ, ಅಪ್ಪನಿಗೆ ಏನು ಕಟ್ಟಿದೆಯೋ.

ಚೋಟುವನ್ನು ನಮ್ಮ ಬೀದಿಯ ಶಾಲೆಗೆ ಸೇರಿಸಿದ್ದಾಯಿತು. ಡಬ್ಬಿಗೆ ಹಾಕಿದ ಸೇಬು ವಾಪಸ್ ಬರುತ್ತದೆ, ಕಚ್ಚಲಾಗುವುದಿಲ್ಲ. ಇವತ್ತು ಕಾಗದದಷ್ಟು ತೆಳ್ಳಗೆ ಹೆಚ್ಚಿ ಹಾಕಿದೆ. ಅಕ್ಕರೆಯಿಂದೇನಲ್ಲ, ಹಣ್ಣು ದಂಡವಾಗಬಾರದು ಎಂದು.

ಜೂನ್ 24, ಸೋಮವಾರ

ಪ್ಲೇಟ್ ತಯಾರು. ನಾನೇ ಹೇಳಿಕೊಳ್ಳುತ್ತೇನೆ, ಇಂಥ ಕೆಲಸ ಈ ಊರಿನಲ್ಲಿ ಇನ್ನೊಬ್ಬರ ಕೈಯಲ್ಲಿ ಆಗುವುದಿಲ್ಲ. ಎರಡು ದಿನ ತಂತಿ ಬಗ್ಗಿಸಿ, ಉಜ್ಜಿ, ಹೊಳಪು ಕೊಟ್ಟೆ. ನಡುವೆ ಪುಟ್ಟ ಸ್ಕ್ರೂ. ಪ್ರತಿ ಸೋಮವಾರ ಸೂಜಿಯಂಥ ಕೀಲಿ ಹಾಕಿ, ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಬೇಕು. ಕೀಲಿ ನನ್ನ ಬಳಿಯೇ ಇರಲಿ ಎಂದೆ.

ಚೋಟು ಹಾಕಿಕೊಂಡು ಸ, ಶ ಎಲ್ಲ ಒಂದೇ ಮಾಡಿ ಮಾತಾಡಿದಳು. ಹೇಗಿದೆ ಎಂದರೆ ಚೆನ್ನಾಗಿದೆ ಎಂದಳು. ಚೆನ್ನಾಗಿರದೆ ಏನು.

ಜುಲೈ 1, ಸೋಮವಾರ

ಡಾಕ್ಟರಮ್ಮ ಪ್ಲೇಟ್ ತೆಗೆದು ನೋಡಿ ನನ್ನನ್ನು ಕೂಗಿದರು. ಒಸಡಿನಲ್ಲಿ ಬೇಳೆಕಾಳಿನಷ್ಟು ಹುಣ್ಣು. ತಂತಿಯ ತುದಿ ಒಂದು ವಾರದಿಂದ ಅಲ್ಲೇ ಕೊರೆದಿದೆ. ತುದಿಯನ್ನು ನಾನು ಒಳಕ್ಕೆ ಮಡಿಸಿರಲಿಲ್ಲ. ಕಲಿಯುವವರು ಮಾಡುವ ತಪ್ಪು.

ಏಳು ದಿನ ಯಾಕೆ ಸುಮ್ಮನಿದ್ದೆ ಎಂದು ಡಾಕ್ಟರಮ್ಮ ಕೇಳಿದರು. ಹುಡುಗಿ ನನ್ನ ಕಡೆ ನೋಡಿ, ನೆಲ ನೋಡಿ, "ದೊಡ್ಡಮ್ಮ ಮಾಡಿದ್ದು ಸರಿಯಾಗೇ ಇರುತ್ತೆ. ನನ್ನ ಬಾಯೇ ಸರಿಯಿಲ್ಲ" ಎಂದಳು.

ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. ನಾನೇನು ಮಗುವಿನ ಬಾಯಿಗೆ ಬೀಗ ಹಾಕಿದ್ದೇನೆಯೇ? ನೋವಾದರೆ ಹೇಳಬೇಕು. ತಂತಿ ಮಡಿಸಿ ಕೊಟ್ಟೆ.

ಜುಲೈ 3, ಬುಧವಾರ

ಎಲ್ಲಾದರೂ ಚುಚ್ಚುತ್ತದೆಯೇ ಎಂದು ಬೆಳಿಗ್ಗೆ, ಸಂಜೆ ಕೇಳುತ್ತಿದ್ದೇನೆ. ಇಲ್ಲ ಎನ್ನುತ್ತಾಳೆ. ನಂಬುವುದು ಹೇಗೆ? ಟಾರ್ಚ್ ಹಿಡಿದು ನಾನೇ ನೋಡುತ್ತೇನೆ. ಹುಣ್ಣು ಆರುತ್ತಿದೆ.

ಈ ಹುಡುಗಿಗೆ ನಗಲು ಬರುತ್ತದೆ ಎಂದು ಇವತ್ತು ಗೊತ್ತಾಯಿತು. ಪ್ಲಾಸ್ಟರ್ ದವಡೆಗಳೆರಡನ್ನು ಕೈಯಲ್ಲಿ ಹಿಡಿದು, ಮೂಗಿನ ಡಾಕ್ಟರಿಗೆ ತೋರಿಸದ ಆ ಅಪ್ಪನಂತೆ ನಾನು ಮಾತಾಡಿಸಿದೆ. ಮಾಡಬಾರದಿತ್ತು, ಕ್ಲಿನಿಕ್ಕಿನ ಸಾಮಾನು.

ಜುಲೈ 8, ಸೋಮವಾರ

ಎರಡನೇ ಕಾಲು ಸುತ್ತು. ಹಲ್ಲು ಕೂದಲೆಳೆಯಷ್ಟು ಅಲುಗಿದೆ ಎಂದರು ಡಾಕ್ಟರಮ್ಮ.

ತಂಗಿಗೆ ತಿಳಿಸಿದೆ. ಸಂತೋಷಪಟ್ಟಳು. ಆಮೇಲೆ ತಾನಾಗಿಯೇ, "ಈ ಮಗುವಿಗೆ ಬಾಟಲಿ ಮುಟ್ಟಿಸಲ್ಲ ಅಕ್ಕ. ಒಂದರ ಬಾಯಿ ಹಾಳು ಮಾಡಿದ್ದು ಸಾಕು" ಎಂದಳು. ಈಗಲಾದರೂ ಬುದ್ಧಿ ಬಂತಲ್ಲ ಎಂದೆ. ಅವಳ ಧ್ವನಿ ಯಾಕೋ ಸೊರಗಿತ್ತು. ಮಲಗಿ ಮಲಗಿ ಹಾಗಾಗಿರಬೇಕು.

ಜುಲೈ 11, ಗುರುವಾರ

ಹಳೆಯ ಕಾರ್ಡು ಸಿಕ್ಕಿತು. ಹಿಂದಿನ ಡಾಕ್ಟರ ಕೋಳಿಕಾಲಿನ ಬರಹ. ‘ಹಾಲುಹಲ್ಲು ತೆಗೆದಿದೆ. ಜಾಗ ಕಾಯುವ ತಂತಿ ಹಾಕಬೇಕು. ಅಚ್ಚು ಒಳಗೆ ಕಳಿಸಿದೆ.’ ಒಳಗೆ ಎಂದರೆ ನನ್ನ ಕೋಣೆ. ಅದರ ಕೆಳಗೆ ಕಾರ್ಡು ಖಾಲಿ.

ತಂತಿ ಹಾಕಿದ್ರಾ ಎಂದು ಕೇಳಿದರು ಡಾಕ್ಟರಮ್ಮ. ಹಾಕಿರಬೇಕು ಎಂದೆ. ನಾಲ್ಕು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ. ಹಾಕಿದ್ದನ್ನು ತಂಗಿ ಮನೆಯಲ್ಲೇ ಕಳೆದಿರಬೇಕು. ಅವರ ಮನೆಯಲ್ಲಿ ಏನು ತಾನೇ ನೆಟ್ಟಗೆ ಉಳಿದಿದೆ.

ಜುಲೈ 12, ಶುಕ್ರವಾರ

ಹಾಕಿರಲಿಲ್ಲ.

ಜುಲೈ 14, ಭಾನುವಾರ

ಬರೆದೇ ಬಿಡುತ್ತೇನೆ. ಇಲ್ಲಿ ಓದುವವರು ಯಾರೂ ಇಲ್ಲ.

ಹಾಲುಹಲ್ಲು ಹೊತ್ತಿಗೆ ಮುಂಚೆ ಹೋದರೆ, ಹಿಂದಿನ ಹಲ್ಲು ಖಾಲಿ ಜಾಗಕ್ಕೆ ಜರುಗುತ್ತದೆ. ಹೊಸ ಹಲ್ಲು ಬರುವ ತನಕ ಜಾಗ ಕಾಯಲು, ಹಿಂದಿನ ಹಲ್ಲಿಗೆ ಒಂದು ಬಳೆ, ಬಳೆಗೆ ಒಂದು ಸಣ್ಣ ತಂತಿ. ಅಷ್ಟೇ. ಅರ್ಧ ದಿನದ ಕೆಲಸ. ಕಣ್ಣು ಮುಚ್ಚಿ ಮಾಡಬಲ್ಲೆ.

ನಮ್ಮ ಕಸುಬಿನಲ್ಲಿ ಒಂದು ರೂಢಿ. ಹೊರಗಿನವರ ಕೆಲಸ ಮೊದಲು, ಸ್ವಂತದವರದು ಕೊನೆಗೆ. ಸ್ವಂತದವರು ಎಲ್ಲಿಗೆ ಹೋಗುತ್ತಾರೆ? ಚೋಟುವಿನ ಅಚ್ಚನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅಚ್ಚು ಬಂದ ಒಂದು ಗಂಟೆಯೊಳಗೆ ಪ್ಲಾಸ್ಟರ್ ಸುರಿಯಬೇಕು, ತಡವಾದರೆ ಆ ಮುದ್ದೆ ಒಣಗಿ ಕುಗ್ಗುತ್ತದೆ. ಇದನ್ನು ಕೆಲಸ ಕಲಿಯಲು ಬಂದ ಎಷ್ಟು ಜನರಿಗೆ ತಲೆಗೆ ಮೊಟಕಿ ಹೇಳಿಕೊಟ್ಟಿಲ್ಲ ನಾನು. ಮೂರನೇ ದಿನ ಸುರಿದೆ. ಬಿಸಿಲಿಗೆ ಕುಗ್ಗಿದ ಅಚ್ಚಿನಲ್ಲಿ ಎದ್ದ ದವಡೆಯೂ ಕುಗ್ಗಿತ್ತು, ಅದರ ಮೇಲೆ ಮಾಡಿದ ಬಳೆ ಮಗುವಿನ ಹಲ್ಲಿಗೆ ಇಳಿಯುವಂತಿರಲಿಲ್ಲ. ಇನ್ನೊಂದು ಅಚ್ಚು ತೆಗೆಸೋಣ ಎಂದು ಹಿಂದಿನ ಡಾಕ್ಟರಿಗೆ ಹೇಳಿದರೆ ತಪ್ಪು ನನ್ನದೆಂದು ಗೊತ್ತಾಗುತ್ತಿತ್ತು. ಹೇಳಲಿಲ್ಲ. ತಂಗಿ ಫೋನ್ ಮಾಡಿದಾಗ, ಬರುವ ವಾರ ಎಂದೆ. ಮತ್ತೆ ಮಾಡಿದಾಗ, ಹಾಲುಹಲ್ಲಿನ ಜಾಗಕ್ಕೆ ಇಷ್ಟೊಂದು ರಂಪ ಯಾಕೆ, ಜಾಗ ಎಲ್ಲಿಗಾದರೂ ಓಡಿಹೋಗುತ್ತದಾ ಎಂದು ಗದರಿದೆ. ಆಮೇಲೆ ಅವಳ ಗಂಡನಿಗೆ ವರ್ಗವಾಯಿತು. ನಾನು ಮರೆತೆ. ಎಷ್ಟು ಚೆನ್ನಾಗಿ ಮರೆತೆ ಎಂದರೆ, ಅವಳಿಗೇ ಬಯ್ಯುವಷ್ಟು.

ಬೆರಳು, ಬಾಟಲಿ ಎಂದು ಊರೆಲ್ಲ ಸಾರಿದೆ. ಎಡಗಡೆಯ ಹಲ್ಲುಗಳನ್ನು ಒಂದು ಸಲ ನೋಡಿದ್ದರೆ ಸಾಕಿತ್ತು. ಅದೇ ಬಾಯಿ, ಅದೇ ಬೆರಳು, ಅದೇ ಬಾಟಲಿ. ಎಡಗಡೆ ಸಾಲು ಗೆರೆ ಎಳೆದ ಹಾಗಿದೆ. ಕೆಟ್ಟಿರುವುದು ನಾನು ತಂತಿ ಹಾಕದೆ ಬಿಟ್ಟ ಕಡೆ ಮಾತ್ರ. ಏನೂ ತಿಳಿಯದ ತಾಯಂದಿರನ್ನು ಇಪ್ಪತ್ತೆಂಟು ವರ್ಷ ಮೂದಲಿಸಿದೆ. ಎಲ್ಲ ತಿಳಿದವಳು ಮಾಡಿದ ಕೆಲಸ ಇದು. ಥೂ.

ಜುಲೈ 19, ಶುಕ್ರವಾರ

ಹೇಳಲೆಂದು ಫೋನ್ ಮಾಡಿದೆ. ಇವತ್ತು ರಕ್ತದೊತ್ತಡ ಏರಿದೆ ಎಂದಳು. ಇಂಥ ಹೊತ್ತಿನಲ್ಲಿ ಹೇಳಬಾರದು ಎಂದು ಹವಾಮಾನದ ಮಾತಾಡಿ ಇಟ್ಟೆ. ಒಳ್ಳೆಯ ನೆಪ. ಕ್ಲಿನಿಕ್ಕಿಗೆ ತಡವಾಗಿ ಬರುವ ಅಪ್ಪಂದಿರು ಇದಕ್ಕಿಂತ ಕಳಪೆ ನೆಪ ಹೇಳುತ್ತಾರೆ, ಅವರಿಗೆ ಅಭ್ಯಾಸ ಸಾಲದು.

ಡಾಕ್ಟರಮ್ಮನಿಗೆ ಹೇಳಿದೆ. ಕಾರ್ಡು ನೋಡಿದ ದಿನವೇ ಅಂದುಕೊಂಡೆ ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಜುಲೈ 23, ಮಂಗಳವಾರ

ಮುಂದಿನ ಕೋಣೆಯಲ್ಲಿ ಒಬ್ಬ ತಾಯಿ ಮಗುವಿನ ಕಿಂಡಿಹಲ್ಲಿಗೆ ಅಳುತ್ತಾ ಕೂತಿದ್ದಳು. ಬಾಟಲಿ ಬಿಡಿಸಲು ತಡಮಾಡಿದೆ, ನನ್ನಿಂದಲೇ ಹೀಗಾಯ್ತು ಎನ್ನುತ್ತಿದ್ದಳು. ನೀರು ಕೊಟ್ಟು, ಐದು ವರ್ಷಕ್ಕೇ ಬಂದಿದ್ದೀರಲ್ಲ, ಇದು ಸರಿಹೋಗುವ ವಯಸ್ಸು ಎಂದೆ. ಡಾಕ್ಟರಮ್ಮ ಬಾಗಿಲಿಂದ ಇಣುಕಿ, ನಿಮಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು. ಇದ್ದರೂ ಇರಬಹುದು.

ಜುಲೈ 28, ಭಾನುವಾರ

ಚೋಟು ಪಕ್ಕದ ಮನೆಯ ಹುಡುಗಿಯ ಜೊತೆ ಆಡಲು ಹೋಗಿದ್ದಳು. ಕುರ್ಚಿ ಎಳೆದುಕೊಂಡು ಕೂತು ಫೋನ್ ಮಾಡಿದೆ. ಮೈ ಹೇಗಿದೆ ಎಂದು ಕೇಳಿದೆ. ಇವತ್ತು ಪರವಾಗಿಲ್ಲ ಎಂದಳು. ಇನ್ನು ನೆಪ ಉಳಿಯಲಿಲ್ಲ.

"ನಿನ್ನ ಬಾಟಲಿಯಿಂದಲ್ಲ, ಅವಳ ಬೆರಳಿಂದಲೂ ಅಲ್ಲ. ನಾನು ತಂತಿ ಮಾಡ್ಲಿಲ್ಲ. ಅಚ್ಚು ಒಣಗಿಸಿಬಿಟ್ಟೆ, ಆಮೇಲೆ ಮುಚ್ಚಿಟ್ಟೆ. ತಪ್ಪು ನಂದು" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಸೆರಗೆಲ್ಲ ಬೆವರು.

ಲೈನ್ ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ.

"ನಾನು ಎರಡು ಸಲ ಕೇಳಿದ್ದೆ ಅಕ್ಕ" ಎಂದಳು ಕೊನೆಗೆ. "ಮೂರನೇ ಸಲ ಕೇಳೋಕೆ ಅಂತ ಫೋನ್ ಕೈಗೆ ತಗೊಂಡೆ. ನೀನು ಬಯ್ತೀಯ ಅಂತ ಇಟ್ಟುಬಿಟ್ಟೆ."

ಬೆರಳು, ಬಾಟಲಿ, ಮೂಗು, ವಂಶ ಎಂದು ಕಾರಣಗಳನ್ನು ಬೆರಳು ಮಡಚಿ ಎಣಿಸುತ್ತೇನಲ್ಲ. ನನ್ನ ಬಾಯಿಗೆ ಹೆದರಿ ತಾಯೊಬ್ಬಳು ಸುಮ್ಮನಾದದ್ದನ್ನು ನಾನು ಯಾವತ್ತೂ ಎಣಿಸಿರಲಿಲ್ಲ. ನನಗೆ ಅಳು ಬಂತು. ಅವಳಿಗೆ ಕೇಳಿಸದ ಹಾಗೆ ಅತ್ತೆ.

ಚೋಟುವಿಗೂ ನೀನೇ ಹೇಳು, ಬೆರಳು ಚೀಪಿ ತಾನೇ ಕೆಡಿಸಿಕೊಂಡೆ ಎಂದು ನಂಬಿದ್ದಾಳೆ ಎಂದಳು. ಆಮೇಲೆ ಅವಳೇ ಫೋನ್ ಇಟ್ಟಳು. ನನಗಿಂತ ಮೊದಲು ಅವಳು ಫೋನ್ ಇಟ್ಟದ್ದು ಇದೇ ಮೊದಲು.

ಜುಲೈ 29, ಸೋಮವಾರ

ಶಾಲೆಯಿಂದ ಬಂದಳು. ಊಟದ ಮೇಜಿನ ಮುಂದೆ ಪೆನ್ಸಿಲ್ ಹೆರೆಯುತ್ತಾ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಮಕ್ಕಳಿಗೆ ಹೇಳುವ ಹಾಗೆ ಸಿಹಿ ಸವರಿ ಹೇಳಲು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಬೆರಳಿಂದ ಅಲ್ವಾ ಎಂದು ಕೇಳಿದಳು. ಅಲ್ಲ ಎಂದೆ. ಅಮ್ಮನಿಂದಾನೂ ಅಲ್ವಾ? ಅಲ್ಲ. ಅಮ್ಮನಿಗೆ ಗೊತ್ತಾ? ನಿನ್ನೆ ಹೇಳಿದೆ ಎಂದೆ. ಪೆನ್ಸಿಲ್ ಕೆಳಗಿಟ್ಟಳು. ಮುಖ ಕೆಂಪಾಯಿತು.

"ನೀವು ಫೋನಲ್ಲಿ ಬಯ್ದಾಗೆಲ್ಲ ಅಮ್ಮ ಬಚ್ಚಲಿಗೆ ಹೋಗಿ ಅಳ್ತಿದ್ಲು. ನನ್ನಿಂದ ಬಯ್ಸಿಕೊಳ್ತಾಳೆ ಅಂತ ನಾನು ಅಂದ್ಕೊಂಡಿದ್ದೆ" ಎಂದಳು.

ಪ್ಲೇಟನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ನೀವು ಮಾಡಿದ್ದು ನಂಗೆ ಬೇಡ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿನ ಕಾಲು ಸುತ್ತು ಹಾಗೇ ಉಳಿಯಿತು.

ಜುಲೈ 30, ಮಂಗಳವಾರ

ಪ್ಲೇಟ್ ನೀರಿನ ಲೋಟದಲ್ಲಿದೆ. ಹಾಕದೆ ಇಪ್ಪತ್ತನಾಲ್ಕು ಗಂಟೆ ಮೀರಿತು. ಐದು ವಾರದಲ್ಲಿ ಕೂದಲೆಳೆ ಕೂದಲೆಳೆಯಾಗಿ ಹಿಂದೆ ಸರಿದ ಹಲ್ಲು, ಈಗ ಗಂಟೆಗಂಟೆಗೂ ವಾಪಸ್ ಬರುತ್ತಿದೆ. ನನಗೆ ಗೊತ್ತು, ಕಾಣುತ್ತಿದೆ. ಒಂದು ಗದರಿಕೆ ಸಾಕು, ಹೆದರಿ ಹಾಕಿಕೊಳ್ಳುತ್ತಾಳೆ. ನಾಲಿಗೆಯ ತುದಿಗೆ ಬಂದದ್ದನ್ನು ದಿನವಿಡೀ ನುಂಗಿದೆ. ಹೆದರಿ ಹಾಕಿಕೊಂಡರೆ ಮತ್ತೆ ಹುಣ್ಣಾದರೂ ಹೇಳುವುದಿಲ್ಲ.

ತೆಗೆದಿಟ್ಟರೆ ಏನಾಗುತ್ತದೆ ಎಂಬುದನ್ನು ಅವಳಿಗೆ ಒಮ್ಮೆ ಹೇಳಿದೆ. ಎಕ್ಸ್‌ರೇ ಮೇಜಿನ ಮೇಲಿಟ್ಟು, ಇದು ಇಲ್ಲಿದೆ, ಅಲ್ಲಿಗೆ ಹೋಗಬೇಕು ಎಂದು ತೋರಿಸಿದೆ. ಕೀಲಿಯನ್ನೂ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದೆ. ಕ್ಲಿನಿಕ್ಕಿನಲ್ಲಿ ಎರಡು ದವಡೆ ಕೆಡಿಸಿದೆ.

ಜುಲೈ 31, ಬುಧವಾರ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಚ್ಚಲ ಕನ್ನಡಿಯ ಮುಂದೆ ನಿಂತಿದ್ದಳು. ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಆನಿಸಿಟ್ಟಿದ್ದಳು. ಪ್ಲೇಟ್ ಬಾಯೊಳಗೆ ಹೋಗಿತ್ತು. ಒಂದೂವರೆ ದಿನದಲ್ಲಿ ಬಿಗಿಯಾಗಿದೆ, ಕಣ್ಣಲ್ಲಿ ನೀರು ತುಂಬಿತ್ತು. ನೋಯುತ್ತದೆಯೇ ಎಂದೆ.

"ನೋಯುತ್ತೆ" ಎಂದಳು. "ಆದ್ರೂ ಹಾಕ್ಕೊಳ್ತೀನಿ. ನೀವು ಮಾಡಿದ್ದೀರ ಅಂತಲ್ಲ. ಹಲ್ಲು ನಂದು ಅಂತ."

ತಿಂಡಿಗೆ ತೆಗೆದಾಗ, ಸೋಮವಾರದ ಕಾಲು ಸುತ್ತು ಹಾಕೋಣ ಎಂದು ಕೈ ಚಾಚಿದೆ. ಕೊಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ಪ್ಲೇಟನ್ನು ಬೆಳಕಿಗೆ ಹಿಡಿದು, ಕೀಲಿಯನ್ನು ತೂತಿಗೆ ಹಾಕಿದಳು. ಎರಡು ಸಲ ಜಾರಿತು. ಹೀಗೆ ಹಿಡಿ ಎನ್ನಬೇಕೆನಿಸಿತು, ಎನ್ನಲಿಲ್ಲ. ಮೂರನೇ ಸಲ ಕೂತಿತು. ಬಾಣ ಎತ್ತ ಇದೆ ಎಂದು ನೋಡಿಕೊಂಡು ತಿರುಗಿಸಿದಳು. ಸರಿಯಾಗಿ ಕಾಲು ಸುತ್ತು. ಬಾಯಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಹೋಗಿ ಬರ್ತೀನಿ ಎಂದು ಕೂಡ ಹೇಳದೆ ಶಾಲೆಗೆ ಹೋದಳು. ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಿದ್ದಳು.